ಬಿಸಿಲು ಬೇರೆ, ಬಿಸಿ ಬೇರೆ

ನಮ್ಮ ಕಡೆ ‘ಮನೆಗೆ ಸೋಲಾರ್ ಹಾಕಿಸಿದ್ದೀವಿ’ ಅಂದರೆ ಸ್ನಾನಕ್ಕೆ ಬಿಸಿನೀರು ಬರುತ್ತದೆ ಎಂದೇ ಅರ್ಥ. ‘ಬಿಸಿಲು’ ಎಂಬ ಮಾತಿನೊಳಗೇ ಬಿಸಿ ಕೂತಿದೆ. ಹಾಗಾಗಿ ಚಳಿಗಾಲದಲ್ಲಿ ಮೈನಸ್ 30 ಡಿಗ್ರಿಗೂ ಇಳಿಯುವ ಕೆನಡಾದ ಎಡ್ಮಂಟನ್‌ನಲ್ಲಿ ಮನೆಗಳ ಮೇಲೆ ಸೋಲಾರ್ ಪ್ಯಾನೆಲ್ ಇವೆ ಎಂದರೆ ನಮಗೆ ನಗು ಬರುತ್ತದೆ. ಆದರೆ ಕರೆಂಟ್ ಕೊಡುವ ಪ್ಯಾನೆಲ್ ಕೇಳುವುದು ಬೆಳಕನ್ನು, ಬಿಸಿಯನ್ನಲ್ಲ.

ತಪ್ಪು ಕಲ್ಪನೆ: ಚಳಿಯಲ್ಲಿ ಪ್ಯಾನೆಲ್ ಕೆಲಸ ಮಾಡುವುದಿಲ್ಲ.

ಸತ್ಯ: ಚಳಿ ಅದಕ್ಕೆ ಒಳ್ಳೆಯದೇ. ಸಿಲಿಕಾನ್ ಪ್ಯಾನೆಲ್‌ನ ಸಾಮರ್ಥ್ಯವನ್ನು ಅಳೆಯುವುದು 25 ಡಿಗ್ರಿಯಲ್ಲಿ. ಅದರ ಮೇಲೆ ಏರಿದ ಒಂದೊಂದು ಡಿಗ್ರಿಗೂ ಉತ್ಪಾದನೆ ಶೇ. 0.3ರಿಂದ 0.4ರಷ್ಟು ತಗ್ಗುತ್ತದೆ. ಬೇಸಿಗೆ ಮಧ್ಯಾಹ್ನ ನಮ್ಮ ತಾರಸಿಯ ಪ್ಯಾನೆಲ್ 60 ಡಿಗ್ರಿಗೆ ಕಾದರೆ ಹತ್ತರಲ್ಲೊಂದು ಪಾಲಿಗೂ ಹೆಚ್ಚು ಕರೆಂಟ್ ಅಲ್ಲೇ ಸೋರಿಹೋಯಿತು.

ತಪ್ಪು ಕಲ್ಪನೆ: ಅಷ್ಟು ಉತ್ತರಕ್ಕೆ ಬಿಸಿಲೆಲ್ಲಿ?

ಸತ್ಯ: ಎಡ್ಮಂಟನ್ ಇರುವುದು ಸುಮಾರು 53.5 ಡಿಗ್ರಿ ಅಕ್ಷಾಂಶದಲ್ಲಿ. ಜೂನ್‌ನಲ್ಲಿ ಅಲ್ಲಿ ಹಗಲು ಸುಮಾರು 17 ಗಂಟೆ. ದಕ್ಷಿಣಕ್ಕೆ ಮುಖಮಾಡಿ ಸರಿಯಾಗಿ ಓರೆಯಿಟ್ಟ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷಕ್ಕೆ ಸುಮಾರು 1,200 ಯೂನಿಟ್ ಕೊಡುತ್ತದೆ. ಬೆಂಗಳೂರಿನಲ್ಲಿ ಸಿಗುವುದು 1,400ರಿಂದ 1,500. ತಿಂಗಳಿಗೆ 600 ಯೂನಿಟ್ ಸುಡುವ ಮನೆಯ ವರ್ಷದ ಲೆಕ್ಕಕ್ಕೆ ಅಲ್ಲಿ 6 ಕಿಲೋವ್ಯಾಟ್ ಸಾಕು.

ತಪ್ಪು ಕಲ್ಪನೆ: ಹಿಮ ಮುಚ್ಚಿತೆಂದರೆ ಕಥೆ ಮುಗಿಯಿತು.

ಸತ್ಯ: ಇದನ್ನು ಅಲ್ಲಿನ ನಾರ್ದರ್ನ್ ಆಲ್ಬರ್ಟಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ವರ್ಷಗಟ್ಟಲೆ ಪರೀಕ್ಷಿಸಿತು. ಬೇರೆ ಬೇರೆ ಓರೆಯಲ್ಲಿ ಜೋಡಿ ಜೋಡಿ ಪ್ಯಾನೆಲ್ ನಿಲ್ಲಿಸಿ, ಪ್ರತಿ ಜೋಡಿಯಲ್ಲಿ ಒಂದರ ಹಿಮವನ್ನು ಗುಡಿಸಿ, ಇನ್ನೊಂದನ್ನು ಹಾಗೇ ಬಿಟ್ಟರು. ಗುಡಿಸದೆ ಬಿಟ್ಟದ್ದಕ್ಕೆ ವರ್ಷದಲ್ಲಿ ಆದ ನಷ್ಟ ಹೆಚ್ಚೆಂದರೆ ಶೇ. 5ರ ಆಸುಪಾಸು. ಹಿಮ ಬೀಳುವ ತಿಂಗಳುಗಳಲ್ಲಿ ಹೇಗೂ ಫಸಲು ಕಡಿಮೆ. ಓರೆ ಹೆಚ್ಚಿದ್ದಷ್ಟೂ ಹಿಮ ತಾನಾಗೇ ಜಾರುತ್ತದೆ. ಪೊರಕೆ ಹಿಡಿದು ಜಾರುವ ಮಾಡು ಹತ್ತುವ ಸಾಹಸ ಬೇಕಿಲ್ಲ.

ತಪ್ಪು ಕಲ್ಪನೆ: ಡಿಸೆಂಬರ್‌ನಲ್ಲಿ ಕೈಕೊಡುವ ಸೋಲಾರ್ ದಂಡ.

ಸತ್ಯ: ಕೈಕೊಡುವುದೇನೋ ನಿಜ. ಆಗ ಹಗಲು ಏಳೂವರೆ ಗಂಟೆ, ನಡು ಮಧ್ಯಾಹ್ನವೂ ಸೂರ್ಯ ದಿಗಂತದಿಂದ ಬರೀ 13 ಡಿಗ್ರಿ ಮೇಲೆ. ಆದರೆ ಆಲ್ಬರ್ಟಾ ಪ್ರಾಂತ್ಯದಲ್ಲಿ 2008ರ ನಿಯಮದ ಪ್ರಕಾರ ಮನೆಯ ಹೆಚ್ಚುವರಿ ಕರೆಂಟ್ ಲೈನಿಗೆ ಹೋಗಿ, ಅದರ ಹಣ ಬಿಲ್ಲಿನಲ್ಲಿ ಜಮೆಯಾಗುತ್ತದೆ. ಬೇಸಿಗೆಯ ಜಮೆ ಚಳಿಗಾಲದ ಖರ್ಚಿಗೆ ಒದಗುತ್ತದೆ.

ತಪ್ಪು ಕಲ್ಪನೆ: ಪ್ಯಾನೆಲ್ ಇದ್ದರೆ ಕರೆಂಟ್ ಹೋದರೂ ಚಿಂತೆಯಿಲ್ಲ.

ಸತ್ಯ: ಲೈನಿಗೆ ಜೋಡಿಸಿದ ಸಾಮಾನ್ಯ ಸೋಲಾರ್, ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ. ಇಲ್ಲದಿದ್ದರೆ ತಂತಿ ರಿಪೇರಿಗೆ ಕಂಬ ಹತ್ತಿದವನಿಗೆ ಶಾಕ್ ಹೊಡೆದೀತು. ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸ್‌ನ ಫ್ಯಾನಿಗೂ ಕರೆಂಟ್ ಬೇಕು. ಬ್ಯಾಟರಿಯೂ ಅದಕ್ಕೆ ತಕ್ಕ ಇನ್‌ವರ್ಟರೂ ಇಲ್ಲದ ಮನೆಯಲ್ಲಿ, ಹೊರಗೆ ಫಳಫಳ ಬಿಸಿಲಿದ್ದರೂ ಒಳಗೆ ಕಂಬಳಿಯೇ ಗತಿ.