ನೋವಿನ ಮಾತ್ರೆ ಮತ್ತು ಮೂತ್ರಪಿಂಡಗಳ ರಕ್ಷಣೆ

ಕಲಬುರಗಿ ಹಾಗೂ ಕಮಲಾಪುರ ಭಾಗದಲ್ಲಿ ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಇಂಥ ಬಿಸಿಲಿನಲ್ಲಿ ದುಡಿದು, ಸೊಂಟನೋವು, ಕೀಲುನೋವುಗಳಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೇನ್ ಮುಂತಾದ ಮಾತ್ರೆಗಳನ್ನು ತಾವಾಗಿಯೇ ನುಂಗುವುದು ಮೂತ್ರಪಿಂಡಗಳಿಗೆ ಅಪಾಯಕಾರಿ.

ಶರೀರದಲ್ಲಿ ಉತ್ಪತ್ತಿಯಾಗುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳು ನೋವು, ಬಾವುಗಳನ್ನು ಹೆಚ್ಚಿಸುವುದಲ್ಲದೆ, ನೀರಿನಂಶ ಕಡಿಮೆಯಾದಾಗ ಮೂತ್ರಪಿಂಡದ ರಕ್ತನಾಳಗಳನ್ನು ಹಿಗ್ಗಿಸಿ ರಕ್ತ ಹರಿಯುವಂತೆ ನೋಡಿಕೊಳ್ಳುತ್ತವೆ. ಮಾತ್ರೆಯು ಇವುಗಳ ಉತ್ಪತ್ತಿಯನ್ನೇ ತಡೆಯುವುದರಿಂದ ನೋವಿನೊಂದಿಗೆ ಮೂತ್ರಪಿಂಡದ ರಕ್ತಸಂಚಾರವೂ ತಗ್ಗುತ್ತದೆ. ಈ ಔಷಧಿ ಕೊಟ್ಟ ದನಗಳ ಶವ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತ ಕಾರಣ, ಪಶುಗಳಿಗೆ ಡೈಕ್ಲೋಫೆನಾಕ್ ಬಳಸುವುದನ್ನು ಭಾರತದಲ್ಲಿ 2006ರಲ್ಲಿ ನಿಷೇಧಿಸಲಾಯಿತು.

ಅರಿಶಿನದಲ್ಲಿರುವ ಕರ್ಕ್ಯುಮಿನ್, ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್ ಇಂಥ ಹಾನಿಯನ್ನು ತಗ್ಗಿಸುವುದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಮನುಷ್ಯರಲ್ಲಿ ಇದು ಇನ್ನೂ ಸಿದ್ಧಪಟ್ಟಿಲ್ಲ. ಆದುದರಿಂದ ಇವನ್ನು ಅಡುಗೆಯಲ್ಲಿ ಬಳಸಬಹುದೇ ಹೊರತು, ಇವುಗಳನ್ನೇ ನಂಬಿ ಮಾತ್ರೆ ಮುಂದುವರಿಸಬಾರದು. ಗಿಡಮೂಲಿಕೆಗಳೆಲ್ಲವೂ ನಿರಪಾಯಕಾರಿಯಲ್ಲ. ಈಶ್ವರಿ ಬಳ್ಳಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಮೂತ್ರಪಿಂಡವನ್ನೇ ಕೆಡಿಸುತ್ತದೆ. ಮೂತ್ರಪಿಂಡ ದುರ್ಬಲವಾದವರು ಪೊಟ್ಯಾಸಿಯಂ ಹೆಚ್ಚಿರುವ ಬಾಳೆಹಣ್ಣನ್ನು, ಅದು ಕಮಲಾಪುರದ ಕೆಂಪು ಬಾಳೆಯೇ ಆಗಿರಲಿ, ವೈದ್ಯರನ್ನು ಕೇಳಿಯೇ ತಿನ್ನಬೇಕು.

ರೈತ ಬಾಂಧವರು ಗಮನಿಸಬೇಕಾದ ಅಂಶಗಳು:

1. ಬಿಸಿಲಿನ ಕೆಲಸದಲ್ಲಿ ಆಗಾಗ್ಗೆ ನೀರು, ಮಜ್ಜಿಗೆ ಕುಡಿಯಬೇಕು.

2. ವಾಂತಿ, ಭೇದಿ ಇರುವಾಗ ನೋವಿನ ಮಾತ್ರೆ ನುಂಗಬಾರದು.

3. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರೂ ವಯಸ್ಸಾದವರೂ ವೈದ್ಯರ ಸಲಹೆಯಿಲ್ಲದೆ ಈ ಮಾತ್ರೆಗಳನ್ನು ಬಳಸಬಾರದು.

4. ಮೂತ್ರ ಕಡಿಮೆಯಾದರೆ ಅಥವಾ ಕಾಲು, ಮುಖ ಊದಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು.