ಹೊರೆ ಎತ್ತುವಾಗ ಟೊಂಕದ ಜೋಕೆ

ಗಾಡಿಗೆ ಹೇರು ತುಂಬಿದ ಮೇಲೆ ಅನುಭವಿ ಒಕ್ಕಲಿಗನು ಮೂಕಿಯನ್ನು ಎತ್ತಿ ನೋಡುತ್ತಾನೆ. ಮುಂಭಾರವಾಗಿದ್ದರೆ ಎರಡು ಚೀಲಗಳನ್ನು ಹಿಂದಕ್ಕೆ ಸರಿಸುತ್ತಾನೆ. ಎತ್ತಿನ ಹೆಗಲು ಹುಣ್ಣಾದೀತೆಂಬ ಎಚ್ಚರ ಅವನಿಗಿದೆ. ಆದರೆ ತಾನೇ ಚೀಲ ಎತ್ತುವಾಗ, ಇಲ್ಲವೆ ಆಳಿನ ತಲೆಗೆ ಏರಿಸುವಾಗ, ಆತನು ಅಷ್ಟು ವಿಚಾರ ಮಾಡುವುದಿಲ್ಲ.

ಸಾಂಗೆ ತಾಲೂಕಿನ ಕುಳಾಗರಗಳಲ್ಲಿ ದುಡಿಯುವ ನಮ್ಮವರಿಗೆ ಈ ಮಾತು ಚೆನ್ನಾಗಿ ಗೊತ್ತು. ಅಡಿಕೆ, ತೆಂಗು, ಬಾಳೆ, ಮೆಣಸು ಕೂಡಿ ಬೆಳೆಯುವ ಈ ತೋಟಗಳು ಹೆಚ್ಚಾಗಿ ಹಳ್ಳದ ಬದಿಯ ಇಳಿಜಾರಿನಲ್ಲಿವೆ. ಎಷ್ಟೋ ಕಡೆ ಗಾಡಿ ಹೋಗುವುದಿಲ್ಲ. ಗೊಬ್ಬರವು ತಲೆಯ ಮೇಲೆ ಇಳಿಯಬೇಕು; ಗೊನೆ, ಕಾಯಿ ತಲೆಯ ಮೇಲೆ ಏರಬೇಕು. ಮಳೆಗಾಲದಲ್ಲಿ ಕಾಲುದಾರಿಯ ಕಲ್ಲು ಪಾಚಿಗಟ್ಟಿ ಜಾರುತ್ತದೆ. ದಿನಗೂಲಿಯವನಿಗೆ ಮೈಯೇ ಬಂಡವಾಳ. ಟೊಂಕ ಹಿಡಿದು ಮಲಗಿದರೆ ಅಂದಿನ ಕೂಲಿಯೂ ಇಲ್ಲ, ಮನೆಯ ಒಲೆಗೂ ಕಷ್ಟ.

ಟೊಂಕ ಕೆಡುವುದು ಭಾರವೊಂದರಿಂದಲೇ ಅಲ್ಲ. ಭಾರವು ಮೈಯಿಂದ ಎಷ್ಟು ದೂರ ಇದೆ ಎಂಬುದೂ ಮುಖ್ಯ. ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ಬೆನ್ನಿನ ಸ್ನಾಯುಗಳು ಅವುಗಳ ಹಿಂದೆ ಸುಮಾರು 5 ಸೆಂಟಿಮೀಟರು ದೂರದಿಂದ ಎಳೆಯುತ್ತವೆ. ಬಗ್ಗಿ, ಕೈಚಾಚಿ, 50 ಸೆಂಟಿಮೀಟರು ಮುಂದಿರುವ 20 ಕಿಲೋ ಹೊರೆಯನ್ನು ಎತ್ತಿದರೆ, ಅದನ್ನು ಸರಿದೂಗಿಸಲು ಸ್ನಾಯು ಸುಮಾರು 200 ಕಿಲೋ ಬಲದಿಂದ ಎಳೆಯಬೇಕಾಗುತ್ತದೆ. ಅದೇ ಹೊರೆಯನ್ನು ಹೊಟ್ಟೆಗೆ ಅವಚಿ ಅರ್ಧ ದೂರಕ್ಕೆ ತಂದರೆ ಎಳೆತವೂ ಅರ್ಧವಾಗುತ್ತದೆ. ಆ ಎಳೆತವೆಲ್ಲ ಬಿಲ್ಲೆಗಳ ಮೇಲೆ ಬೀಳುತ್ತದೆ. ಬಗ್ಗಿದಲ್ಲೇ ಟೊಂಕ ತಿರುವಿದರೆ ಅಪಾಯ ಇನ್ನೂ ಹೆಚ್ಚು.

ಇದನ್ನು ತಪ್ಪಿಸಲು ಹೆಚ್ಚಿನ ಖರ್ಚಿಲ್ಲ.

ಮೊದಲನೆಯದಾಗಿ, ಹೊರೆ ಒಡೆಯಿರಿ. 2018ರಿಂದ ಯೂರಿಯಾ ಚೀಲ 45 ಕಿಲೋದ್ದಾಗಿದೆ; ಸಿಮೆಂಟಿನ ಚೀಲ 50 ಕಿಲೋ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯು 1991ರಲ್ಲಿ ತಿದ್ದಿದ ಲೆಕ್ಕದಂತೆ, ಎಲ್ಲ ಅನುಕೂಲವಿದ್ದಾಗಲೂ ಕೈಯಿಂದ ಎತ್ತಲು 23 ಕಿಲೋ ಸಾಕು. ಯೂರಿಯಾ ಚೀಲವನ್ನು ಎರಡು ಪಾಲು ಮಾಡಿದರೆ ಇಪ್ಪತ್ತೆರಡೂವರೆ ಕಿಲೋ ಆಯಿತು. ಒಂದು ಸಲ ಹೆಚ್ಚಿಗೆ ನಡೆದರೆ ಹೋಗುವುದು ಕಾಲು ತಾಸು. ಟೊಂಕ ಹೋದರೆ ಹೋಗುವುದು ಇಡೀ ಹಂಗಾಮು.

ಎರಡನೆಯದಾಗಿ, ಚೀಲವನ್ನು ನೆಲದ ಮೇಲೆ ಇಳಿಸಬೇಡಿರಿ. ಹಳೆಯ ಹಾದಿಗಳ ಬದಿಗೆ ಹಿರಿಯರು ಎದೆಯೆತ್ತರದ ಹೊರೆಗಲ್ಲು ನಿಲ್ಲಿಸುತ್ತಿದ್ದರು. ಹೊತ್ತವನು ಬಗ್ಗದೆ, ಯಾರನ್ನೂ ಕರೆಯದೆ, ಹೊರೆ ಇಳಿಸಿ ದಣಿವಾರಿಸಿಕೊಂಡು ಮತ್ತೆ ಹೊರುತ್ತಿದ್ದನು. ತೋಟದ ಮೇಲೊಂದು, ಕೆಳಗೊಂದು ಅಂಥ ಕಟ್ಟೆ ಕಟ್ಟಿಸಿದರೆ ಅರ್ಧ ಕೆಲಸ ಮುಗಿದಂತೆ.

ಮೂರನೆಯದಾಗಿ, ನೆಲದಿಂದಲೇ ಎತ್ತಬೇಕಾದಾಗ ಕಾಲುಗಳನ್ನು ಅಗಲಿಸಿ, ಒಂದನ್ನು ತುಸು ಮುಂದಿಟ್ಟು, ಮೊಣಕಾಲು ಮಡಚಿರಿ. ಚೀಲವನ್ನು ಮೈಗೆ ಅವಚಿಕೊಂಡು ಕಾಲಿನ ಬಲದಿಂದ ಏಳಿರಿ. ತಿರುಗುವುದಾದರೆ ಹೆಜ್ಜೆ ಬದಲಿಸಿ ತಿರುಗಿರಿ. ತಲೆಗೆ ಏರಿಸುವಾಗ ಇಬ್ಬರು ಹಿಡಿಯಲಿ. ಒಬ್ಬನು ಹೇಳಿದಾಗ ಇಬ್ಬರೂ ಒಟ್ಟಿಗೆ ಎತ್ತಲಿ. ಹೊರುವ ಮುನ್ನ ದಾರಿಯ ಪಾಚಿಯನ್ನು ಕೆರೆದು ತೆಗೆಯಿರಿ. ಟೊಂಕಪಟ್ಟಿ ಕಟ್ಟಿದರೆ ಹೆಚ್ಚು ಹೊರಬಹುದೆಂಬ ನಂಬಿಕೆ ಬೇಡ. ಅದು ಪೆಟ್ಟನ್ನು ತಡೆಯುತ್ತದೆಂಬುದಕ್ಕೆ ಆಧಾರ ಸಿಕ್ಕಿಲ್ಲ.

ಮೈಗೆ ಅಪಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದೆಂದು 1948ರ ಕಾರಖಾನೆ ಕಾಯಿದೆಯ 34ನೆಯ ಕಲಮು ಹೇಳಿತು. ಗಂಡಾಳಿನ ಹೊರೆ 55 ಕಿಲೋ ಮೀರಬಾರದು, ಹೆಂಗಸರದು ಅದಕ್ಕಿಂತ ಬಹಳ ಕಡಮೆ ಇರಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ ಶಿಫಾರಸು ಮಾಡಿತು. ಇದು ಹೊರಿಸಲೇಬೇಕಾದ ತೂಕವಲ್ಲ, ದಾಟಬಾರದ ಗೆರೆ. ಗಾಡಿ ಎಳೆಯುವ ಎತ್ತಿಗೂ 1965ರ ನಿಯಮಗಳು ಹೇರಿನ ಮಿತಿ ಹಾಕಿವೆ. ದಿನಕ್ಕೆ 9 ತಾಸು ಮೀರಿ ದುಡಿಸಬಾರದೆಂದೂ ಹೇಳಿವೆ. ಆದರೆ ತೋಟದಲ್ಲಿ ಆಳಿನ ಹೊರೆಯನ್ನು ತೂಗಿ ನೋಡುವವರು ಯಾರು? ಅದು ಯಜಮಾನನ ಕೆಲಸ. ಭಾರವಾಯಿತೆಂದು ಹೇಳಿದ ಆಳನ್ನು ಸೋಮಾರಿಯೆಂದು ನಗುವ ರೂಢಿಯನ್ನು ಬಿಡಬೇಕು.

ಇಷ್ಟಾಗಿಯೂ ಟೊಂಕ ಉಳುಕಿದರೆ ಅಂದೇ ಹೊರೆ ನಿಲ್ಲಿಸಬೇಕು. ವಾರಗಟ್ಟಲೆ ಮಲಗುವುದು ಒಳ್ಳೆಯದಲ್ಲ. ತಡೆಯುವಷ್ಟು ಮಟ್ಟಿಗೆ ಮೆಲ್ಲಗೆ ನಡೆದಾಡುತ್ತಿರಬೇಕು. ನೋವು ಕಾಲಿಗೆ ಇಳಿದರೆ ವೈದ್ಯರಿಗೆ ತೋರಿಸಬೇಕು. ಕಾಲಿನ ಬಲ ಕುಂದಿದರೆ, ತೊಡೆಸಂದು ಜೋಮು ಹಿಡಿದರೆ, ಇಲ್ಲವೆ ಮೂತ್ರ ಕಟ್ಟಿದರೆ, ಒಂದು ರಾತ್ರಿಯೂ ಕಾಯದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಮುಂದಿನ ಸಲ ಗೊಬ್ಬರ ತರಿಸುವ ಮೊದಲು ಕಟ್ಟೆಗೆ ನಾಲ್ಕು ಕಲ್ಲು ತರಿಸಿರಿ. ಜೊತೆಗೆ ಒಂದಿಷ್ಟು ಖಾಲಿ ಚೀಲಗಳನ್ನೂ ಕೂಡಿಸಿಟ್ಟುಕೊಳ್ಳಿರಿ.