ಹೈದರಾಬಾದಿನ ಹಳೆಯ ಅಂಗಡಿ ಫಲಕಗಳು ಮತ್ತು ಬೀದಿ ಗಡಿಯಾರಗಳು: ಛಾಯಾಚಿತ್ರ ದಾಖಲೆಯ ಕ್ರಮ

ಹೈದರಾಬಾದ್ ಸಂಸ್ಥಾನದ ಕಾಗದದ ನೋಟುಗಳ ಮೇಲೆ ಉರ್ದುವಿನ ಜೊತೆಗೆ ತೆಲುಗು, ಮರಾಠಿ, ಕನ್ನಡಗಳಲ್ಲಿಯೂ ಮೊತ್ತವನ್ನು ನಮೂದಿಸಲಾಗುತ್ತಿತ್ತು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದಿಗೆ ಸೇರಿದ್ದವು. ಕಚೇರಿ, ನ್ಯಾಯಾಲಯ, ವ್ಯಾಪಾರ, ವಿದ್ಯಾಭ್ಯಾಸಗಳ ನಿಮಿತ್ತ ಆ ಭಾಗದ ಕನ್ನಡಿಗರು ರಾಜಧಾನಿಗೆ ಬಂದು ನೆಲೆಸಿದರು. ಅಂಗಡಿಯ ಗಲ್ಲಾಪೆಟ್ಟಿಗೆಯೊಳಗಿನ ನೋಟಿನಲ್ಲಿ ಕನ್ನಡವಿತ್ತು. ಅಂಗಡಿಯ ಬಾಗಿಲ ಮೇಲಿನ ಫಲಕದಲ್ಲಿ ಅದು ಅಪರೂಪ. ಆಡಳಿತವು ಒಪ್ಪಿಕೊಂಡ ಭಾಷೆಗಳಿಗೂ ಪೇಟೆಯು ತೋರಿಸಿಕೊಂಡ ಭಾಷೆಗಳಿಗೂ ನಡುವೆ ಇರುವ ಈ ಅಂತರವನ್ನು ಅಳೆಯಲು ಹಳೆಯ ಫಲಕಗಳು ಪ್ರಮುಖ ಆಕರಗಳಾಗಿವೆ. ತಗಡಿನ ಫಲಕಗಳು ತುಕ್ಕು ಹಿಡಿಯುತ್ತಿವೆ, ಗಾರೆಯ ಅಕ್ಷರಗಳು ಹೊಸ ಹೊದಿಕೆಯ ಹಿಂದೆ ಮರೆಯಾಗುತ್ತಿವೆ, ಉಳಿದ ಜಾಗವನ್ನು ಫ್ಲೆಕ್ಸ್ ಆಕ್ರಮಿಸಿದೆ. ಆದ್ದರಿಂದ ಅನೇಕ ಫಲಕಗಳ ಮಟ್ಟಿಗೆ ಛಾಯಾಚಿತ್ರವೇ ಕೊನೆಯ ದಾಖಲೆಯಾಗಲಿದೆ.

ಆದರೆ ಎಲ್ಲ ಛಾಯಾಚಿತ್ರವೂ ಆಧಾರವಾಗುವುದಿಲ್ಲ. ಅಂದಕ್ಕಾಗಿ ತೆಗೆದ ಚಿತ್ರವು ಮಾಸಿದ ಬಣ್ಣವನ್ನು, ಮುರಿದ ಅಂಚನ್ನು ಹಿಡಿದಿಡುತ್ತದೆ. ಭಾಷಾಧ್ಯಯನಕ್ಕೆ ಬೇಕಾದದ್ದನ್ನು ಬಹಳ ಸಲ ಹೊರಗಿಡುತ್ತದೆ. ಹೈದರಾಬಾದಿನ ಹಳೆಯ ಬೀದಿಗಳಲ್ಲಿ ಫಲಕ ಮತ್ತು ಗಡಿಯಾರಗಳನ್ನು ಹೇಗೆ ದಾಖಲಿಸಬೇಕು, ಅವುಗಳ ಕಾಲವನ್ನು ಹೇಗೆ ಗುರುತಿಸಬೇಕು, ಅವುಗಳಿಂದ ಏನನ್ನು ತೀರ್ಮಾನಿಸಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಫಲಕದ ವಿನ್ಯಾಸ

ನಗರದ ಹಳೆಯ ಫಲಕಗಳಲ್ಲಿ ಉರ್ದು, ಇಂಗ್ಲಿಷ್, ತೆಲುಗುಗಳು ವಿವಿಧ ಪ್ರಮಾಣದಲ್ಲಿ ಬೆರೆತಿವೆ. ಮರಾಠಿ ಕುಟುಂಬಗಳು ನೆಲೆಸಿದ ಪ್ರದೇಶಗಳಲ್ಲಿ ದೇವನಾಗರಿಯೂ ಸೇರುತ್ತದೆ. ಉರ್ದು ಬಲದಿಂದ ಎಡಕ್ಕೂ ಉಳಿದವು ಎಡದಿಂದ ಬಲಕ್ಕೂ ಸಾಗುವುದರಿಂದ ಒಂದೇ ಸಾಲನ್ನು ಹಂಚಿಕೊಂಡ ಎರಡು ಲಿಪಿಗಳು ಎರಡು ಅಂಚುಗಳಿಂದ ಹೊರಟು ನಡುವೆ ಸಂಧಿಸುತ್ತವೆ. ಸಾಲುಗಳು ಒಂದರ ಕೆಳಗೊಂದು ಇದ್ದಲ್ಲಿ ಯಾವ ಲಿಪಿ ಮೇಲಿದೆ, ಯಾವುದರ ಅಕ್ಷರಗಳು ದೊಡ್ಡವು, ಯಾವುದನ್ನು ಆಮೇಲೆ ಇಕ್ಕಟ್ಟಿನ ಜಾಗದಲ್ಲಿ ಸೇರಿಸಲಾಗಿದೆ ಎಂಬುದೇ ಮುಖ್ಯ. ಅಂಗಡಿಯವನು ತನ್ನ ಗಿರಾಕಿಗಳಲ್ಲಿ ಯಾರನ್ನು ಮೊದಲು ಕರೆದನೆಂಬುದು ಈ ಕ್ರಮದಲ್ಲಿ ಅಡಗಿರುತ್ತದೆ.

ಆದಕಾರಣ ಫಲಕದ ನಾಲ್ಕು ಅಂಚುಗಳೂ ಚಿತ್ರದಲ್ಲಿ ಬರಬೇಕು. ಕ್ಯಾಮರಾ ಫಲಕಕ್ಕೆ ನೇರ ಎದುರಾಗಿ, ಸಮಾನಾಂತರವಾಗಿ ಇರಬೇಕು. ಓರೆಯಾಗಿ ತೆಗೆದರೆ ದೂರದ ತುದಿಯ ಅಕ್ಷರಗಳು ಚಿಕ್ಕದಾಗಿ ಕಂಡು ಗಾತ್ರದ ಹೋಲಿಕೆ ತಪ್ಪುತ್ತದೆ. ಕನಿಷ್ಠ ಮೂರು ಚಿತ್ರಗಳು ಅಗತ್ಯ: ಇಡೀ ಕಟ್ಟಡದ ಮುಖ, ಇಡೀ ಫಲಕ, ಅಕ್ಷರಗಳ ಸಮೀಪದ ನೋಟ. ಮೊದಲನೆಯದನ್ನು ಬಿಟ್ಟವರಿಗೆ ಕೆಲವು ವರ್ಷಗಳ ನಂತರ ಆ ಫಲಕ ಯಾವ ಬಾಗಿಲ ಮೇಲಿತ್ತು ಎಂಬುದನ್ನು ಹೇಳಲಾಗುವುದಿಲ್ಲ.

ತಲೆಕಟ್ಟಿನ ಪ್ರಶ್ನೆ

ಸಮೀಪದ ನೋಟವು ಕನ್ನಡದ ಸಂಶೋಧಕನಿಗೆ ವಿಶೇಷ ಕಾರಣದಿಂದ ಅನಿವಾರ್ಯ. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಮೂಲದವು. ಅನೇಕ ಅಕ್ಷರಗಳ ಒಡಲು ಸರಿಸುಮಾರು ಒಂದೇ. ಅವುಗಳನ್ನು ಬೇರ್ಪಡಿಸುವುದು ಬಹುಮಟ್ಟಿಗೆ ತಲೆಕಟ್ಟು: ಕನ್ನಡದಲ್ಲಿ ಅಡ್ಡಲಾಗಿ ಸಾಗುವ ಗೆರೆ, ತೆಲುಗಿನಲ್ಲಿ ಮೇಲಕ್ಕೆ ಚಿಮ್ಮುವ ಗೀಟು. ಬಣ್ಣ ಉದುರಿದ ಫಲಕದಲ್ಲಿ ಮೊದಲು ಅಳಿಯುವ ಭಾಗಗಳಲ್ಲಿ ಅಕ್ಷರದ ಈ ಮೇಲ್ತುದಿಯೂ ಒಂದು. ದೂರದಿಂದ ತೆಗೆದ ಮಬ್ಬು ಚಿತ್ರವನ್ನು ನೋಡಿ ಸೂಚಿ ಸಿದ್ಧಪಡಿಸುವವರು, ನಗರ ಹೈದರಾಬಾದು ಎಂಬ ಒಂದೇ ಕಾರಣಕ್ಕೆ, ಸಂದೇಹದ ಪ್ರತಿಯೊಂದು ಫಲಕವನ್ನೂ ತೆಲುಗಿನ ಖಾತೆಗೆ ಸೇರಿಸುವ ಸಂಭವ ಹೆಚ್ಚು. ಹೀಗೆ ಮೊದಲೇ ವಿರಳವಾದ ಕನ್ನಡ ಫಲಕವು ದಾಖಲೆಯಲ್ಲಿಯೂ ಇಲ್ಲವಾಗುತ್ತದೆ. ಕ, ತ, ಶ ಮುಂತಾದ, ಎರಡು ಲಿಪಿಗಳಲ್ಲಿ ಸ್ಪಷ್ಟವಾಗಿ ಬೇರೆಯಾಗುವ ಅಕ್ಷರಗಳನ್ನು ಹುಡುಕಿ ಅವುಗಳ ಪ್ರತ್ಯೇಕ ಚಿತ್ರ ತೆಗೆದಿಟ್ಟರೆ ಈ ದೋಷ ತಪ್ಪುತ್ತದೆ. ದೇವನಾಗರಿಯ ವಿಷಯದಲ್ಲಿ ಇದಕ್ಕೆ ಸಮಾನವಾದ ಸೂಚಕ ‘ಳ’ಕಾರ: ಅದು ಕಂಡುಬಂದಲ್ಲಿ ಫಲಕ ಹಿಂದಿಯದಲ್ಲ, ಮರಾಠಿಯದು ಎಂದು ಊಹಿಸಲು ಆಧಾರ ದೊರೆಯುತ್ತದೆ.

ಬೆಳಕು

ಅಕ್ಷರಗಳ ಸ್ವರೂಪಕ್ಕೆ ತಕ್ಕಂತೆ ಬೆಳಕನ್ನು ಆಯ್ದುಕೊಳ್ಳಬೇಕಾಗುತ್ತದೆ. ಗಾರೆಯಲ್ಲಿ ಉಬ್ಬಿಸಿದ ಅಥವಾ ಕಲ್ಲಿನಲ್ಲಿ ಕೊರೆದ ಅಕ್ಷರಗಳಿಗೆ ಓರೆ ಬೆಳಕು ಬೇಕು. ಆಗ ಪ್ರತಿ ಅಕ್ಷರದ ನೆರಳು ಅದರ ಆಕಾರವನ್ನು ಬಿಡಿಸಿ ತೋರಿಸುತ್ತದೆ. ಪೂರ್ವಾಭಿಮುಖ ಗೋಡೆಗೆ ಬೆಳಿಗ್ಗೆ ಬೀಳುವ ನೇರ ಬೆಳಕಿಗಿಂತ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಮೇಲಿನಿಂದ ಜಾರುವ ಬೆಳಕು ಇದಕ್ಕೆ ಉತ್ತಮ. ಉತ್ತರಾಭಿಮುಖ ಗೋಡೆಗಳು ವರ್ಷದ ಹೆಚ್ಚು ಕಾಲ ನೆರಳಿನಲ್ಲಿಯೇ ಇರುತ್ತವೆ. ಆದರೆ ಹೈದರಾಬಾದಿನ ಅಕ್ಷಾಂಶ ಸುಮಾರು 17.4 ಡಿಗ್ರಿ ಇರುವುದರಿಂದ ಮೇ ಎರಡನೆಯ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಅಂಥ ಗೋಡೆಯ ಉಬ್ಬಕ್ಷರಗಳನ್ನು ಓದಲು ಮೋಡವಿಲ್ಲದ ಆ ದಿನಗಳೇ ಅವಕಾಶ. ಎನಾಮಲ್ ತಗಡು, ಗಾಜಿನ ಫಲಕಗಳಿಗೆ ವ್ಯತಿರಿಕ್ತವಾಗಿ ಮೋಡ ಕವಿದ ಹೊತ್ತು ಅನುಕೂಲ, ಏಕೆಂದರೆ ಆಗ ಹೊಳಪು ಅಕ್ಷರವನ್ನು ನುಂಗುವುದಿಲ್ಲ. ಗೋಡೆಯ ಮೇಲೆ ಬರೆದು ಮಾಸಿದ ಅಕ್ಷರಗಳು ಮಳೆ ನಿಂತ ಕೂಡಲೇ, ಗೋಡೆ ಇನ್ನೂ ಒದ್ದೆಯಿರುವಾಗ, ಕೆಲವೊಮ್ಮೆ ಸ್ಪಷ್ಟವಾಗುತ್ತವೆ. ಅಕ್ಷರ ಕಾಣಿಸಲೆಂದು ಫಲಕಕ್ಕೆ ನೀರು ಚಿಮುಕಿಸುವುದು, ಸುಣ್ಣದ ಪುಡಿ ಹಚ್ಚುವುದು, ಉಜ್ಜುವುದು ಸಲ್ಲದು.

ಕಾಲನಿರ್ಣಯ

ಫಲಕದಲ್ಲಿ ಬರೆದ ಸ್ಥಾಪನೆಯ ವರ್ಷ ಅಂಗಡಿಯದು, ಫಲಕದ್ದಲ್ಲ. ಫಲಕದ ಕಾಲವನ್ನು ಬೇರೆ ಸುಳಿವುಗಳಿಂದ ಹುಡುಕಬೇಕು. ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಆ ಸಂಖ್ಯೆಯಿರುವ ಬರಹ ಅದಕ್ಕಿಂತ ಹಳೆಯದಾಗಿರಲಾರದು. ವಿಳಾಸದಲ್ಲಿ ಆಂಧ್ರಪ್ರದೇಶ ಎಂದಿದ್ದರೆ ಬರಹ 1956ರ ನಂತರದ್ದು, ಬಹುತೇಕ 2014ರ ಜೂನ್ 2ಕ್ಕೆ ಹಿಂದಿನದು. ದೂರವಾಣಿ ಸಂಖ್ಯೆಯಲ್ಲಿ ಅಂಕಿಗಳು ಕಡಿಮೆಯಿದ್ದಷ್ಟೂ ಫಲಕ ಹಳೆಯದು. ಸಿಂಧ್‌ನ ಹೈದರಾಬಾದಿನಿಂದ ಬೇರ್ಪಡಿಸಲು ಬಳಸುತ್ತಿದ್ದ ‘ಹೈದರಾಬಾದ್ ಡೆಕ್ಕನ್’ ಎಂಬ ರೂಪವು ಹಳಮೆಯ ಸೂಚಕವಾದರೂ ಅದೊಂದನ್ನೇ ನಂಬುವಂತಿಲ್ಲ. ನಾಂಪಲ್ಲಿಯ ರೈಲು ನಿಲ್ದಾಣದ ಹೆಸರಿನಲ್ಲಿ ಅದು ಇಂದಿಗೂ ಉಳಿದಿದೆ.

ಉರ್ದು ಅಂಕಿಗಳಲ್ಲಿ ಬರೆದ ವರ್ಷಗಳು ಇನ್ನಷ್ಟು ಎಚ್ಚರಿಕೆಯನ್ನು ಬೇಡುತ್ತವೆ. ಸಂಸ್ಥಾನದಲ್ಲಿ ಹಿಜರಿ ಶಕದೊಂದಿಗೆ ಆಡಳಿತದ ಫಸಲಿ ಶಕವೂ ನಡೆಯುತ್ತಿತ್ತು. ಹಿಜರಿಯದು ಚಾಂದ್ರಮಾನ ವರ್ಷ. ಹೈದರಾಬಾದಿನ ಫಸಲಿ ವರ್ಷವು ಅಕ್ಟೋಬರ್ 6ರ ಸುಮಾರಿಗೆ ಆರಂಭವಾಗುತ್ತಿತ್ತು. ಅದಕ್ಕೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಕ್ರಿಸ್ತಶಕ ದೊರೆಯುತ್ತದೆ. 1318 ಎಂಬ ಸಂಖ್ಯೆಯನ್ನು ಹಿಜರಿಯೆಂದು ಓದಿದರೆ ಅದು 1900–01. ಫಸಲಿಯೆಂದು ಓದಿದರೆ 1908–09. ಈ ಎಂಟು ವರ್ಷಗಳ ನಡುವೆ 1908ರ ಸೆಪ್ಟೆಂಬರ್ 28ರ ಮೂಸಿ ಮಹಾಪ್ರವಾಹವಿದೆ. ಒಂದು ಓದಿನಂತೆ ಕಟ್ಟಡ ಪ್ರವಾಹವನ್ನು ಕಂಡದ್ದು, ಇನ್ನೊಂದರಂತೆ ಪ್ರವಾಹದ ನಂತರದ್ದು. ಸಂಖ್ಯೆಯ ಪಕ್ಕದಲ್ಲಿರುವ ಸಣ್ಣ ಗುರುತೇ, ಹಿಜರಿಗೆ ‘ಹೇ’, ಫಸಲಿಗೆ ‘ಫೇ’, ಈ ಸಂದೇಹವನ್ನು ಪರಿಹರಿಸುತ್ತದೆ. ಆ ಗುರುತು ಚಿತ್ರದ ಚೌಕಟ್ಟಿನಿಂದ ಹೊರಗುಳಿಯಕೂಡದು.

ಗಡಿಯಾರಗಳು

ನಗರದ ಸಾರ್ವಜನಿಕ ಗಡಿಯಾರಗಳಿಗೆ ಒಂದು ಸ್ಪಷ್ಟ ಅನುಕ್ರಮವಿದೆ. 1591ರ ಚಾರ್‌ಮಿನಾರಿನ ನಾಲ್ಕು ದಿಕ್ಕುಗಳಿಗೆ ಗಡಿಯಾರಗಳನ್ನು ಅಳವಡಿಸಿದ್ದು 1889ರಲ್ಲಿ. ಪ್ರಧಾನಮಂತ್ರಿ ಆಸ್ಮಾನ್ ಜಾಹ್ ಅವರು ಸಮೀಪದ ಮಹಬೂಬ್ ಚೌಕದಲ್ಲಿ 1892ರಲ್ಲಿ ಗಡಿಯಾರ ಗೋಪುರವನ್ನು ಕಟ್ಟಿಸಿದರು. ಸಿಕಂದರಾಬಾದಿನ ಗೋಪುರ 1897ರಲ್ಲಿ ಉದ್ಘಾಟನೆಯಾಯಿತು. ಕಗ್ಗಲ್ಲಿನ ಮೊಅಜ್ಜಂ ಜಾಹಿ ಮಾರುಕಟ್ಟೆ ತನ್ನ ಗಡಿಯಾರದೊಂದಿಗೆ 1935ರಲ್ಲಿ ಸಿದ್ಧವಾಯಿತು.

ಇವುಗಳಲ್ಲಿ ಮೊದಲ ಮೂರೂ ಭಾರತೀಯ ಪ್ರಮಾಣಕಾಲ ಬಳಕೆಗೆ ಬರುವ ಮುನ್ನ ನಿಂತವು. ಆ ಕಾಲಮಾನ ಜಾರಿಗೆ ಬಂದದ್ದು 1906ರ ಜನವರಿ 1ರಂದು. ಅದಕ್ಕೆ ಆಧಾರ 82.5 ಡಿಗ್ರಿ ಪೂರ್ವ ರೇಖಾಂಶ. ಹೈದರಾಬಾದು ಸುಮಾರು 78.5 ಡಿಗ್ರಿಯಲ್ಲಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಗರದ ಸ್ಥಳೀಯ ಕಾಲ ಪ್ರಮಾಣಕಾಲಕ್ಕಿಂತ ಸುಮಾರು 16 ನಿಮಿಷ ಹಿಂದೆ. ಆದ್ದರಿಂದ 1906ಕ್ಕಿಂತ ಹಿಂದಿನ ಚಿತ್ರದಲ್ಲಿ ಗಡಿಯಾರದ ಮುಳ್ಳುಗಳನ್ನೂ ನೆರಳಿನ ಉದ್ದವನ್ನೂ ಹೋಲಿಸಿ ಹೊತ್ತನ್ನು ನಿರ್ಣಯಿಸುವವರು ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಇಂದಿನ ದಾಖಲೆಗಾರನು ಕ್ಯಾಮರಾದ ಕಾಲವನ್ನು ಮೊದಲು ಸರಿಪಡಿಸಿಕೊಳ್ಳಬೇಕು. ಚಿತ್ರದೊಂದಿಗೆ ದಾಖಲಾಗುವ ಸಮಯಕ್ಕೂ ಗಡಿಯಾರದ ಮುಳ್ಳುಗಳು ತೋರಿಸುವ ಸಮಯಕ್ಕೂ ಇರುವ ಅಂತರದಿಂದ ಆ ಗಡಿಯಾರದ ಸ್ಥಿತಿ ತಿಳಿಯುತ್ತದೆ. ಬೇರೆ ಬೇರೆ ಹೊತ್ತಿನ ಎರಡು ಭೇಟಿಗಳಲ್ಲಿಯೂ ಮುಳ್ಳುಗಳು ಅಲ್ಲೇ ಇದ್ದರೆ ಅದು ನಿಂತಿದೆ. ಹಳೆಯ ಗೋಪುರ ಗಡಿಯಾರಗಳಲ್ಲಿ ಸಾಮಾನ್ಯವಾಗಿ ಒಂದೇ ಯಂತ್ರವು ಸರಳು ಮತ್ತು ಹಲ್ಲುಗಾಲಿಗಳ ಮೂಲಕ ನಾಲ್ಕು ಮುಖಗಳನ್ನೂ ನಡೆಸುತ್ತದೆ. ನಾಲ್ಕು ಮುಖಗಳು ನಾಲ್ಕು ಸಮಯ ತೋರಿಸಿದರೆ ಒಂದೋ ಆ ಜೋಡಣೆ ಸಡಿಲವಾಗಿದೆ, ಇಲ್ಲವೇ ಪ್ರತಿ ಮುಖಕ್ಕೂ ಪ್ರತ್ಯೇಕ ವಿದ್ಯುತ್ ಯಂತ್ರ ಬಂದಿದೆ. ಆದ್ದರಿಂದ ನಾಲ್ಕು ಮುಖಗಳನ್ನೂ ದಿಕ್ಕಿನ ಹೆಸರಿನೊಂದಿಗೆ ಬೇರೆ ಬೇರೆಯಾಗಿ ದಾಖಲಿಸುವುದು ಯುಕ್ತ. ಬುಡದಲ್ಲಿ ನಿಂತು ಕ್ಯಾಮರಾವನ್ನು ಮೇಲಕ್ಕೆತ್ತಿದರೆ ಗೋಪುರ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ದೂರ ಸರಿದು ಉದ್ದ ಲೆನ್ಸ್ ಬಳಸುವುದು ಮೇಲು.

ಚಿತ್ರದ ಜೊತೆಯ ಟಿಪ್ಪಣಿ

ಪ್ರತಿ ಚಿತ್ರಕ್ಕೂ ಸ್ಥಳ, ದಿಕ್ಕು, ದಿನಾಂಕ, ವೇಳೆ, ಫಲಕದ ವಸ್ತು, ಲಿಪಿಗಳ ಕ್ರಮ, ಆಯಾ ಲಿಪಿಯಲ್ಲಿಯೇ ಪಠ್ಯದ ಯಥಾವತ್ ಪ್ರತಿ ಇರಬೇಕು. ಕಾಗುಣಿತದ ತಪ್ಪುಗಳನ್ನು ತಿದ್ದುವಂತಿಲ್ಲ. ಫಲಕ ಬರೆದವನ ಮಾತೃಭಾಷೆಯ ಸುಳಿವು ಅಲ್ಲಿಯೇ ಇರಬಹುದು. ಅಂಗಡಿಯ ಒಡೆಯರ ಅನುಮತಿ ಪಡೆಯುವುದು ಸೌಜನ್ಯವಷ್ಟೇ ಅಲ್ಲ, ಮಾಹಿತಿಯ ದಾರಿಯೂ ಹೌದು. ಫಲಕವನ್ನು ಯಾರು ಬರೆದರು, ಎಷ್ಟು ಸಲ ಬಣ್ಣ ಬದಲಾಯಿತು, ಮನೆಯಲ್ಲಿ ಯಾವ ಭಾಷೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಅವರಲ್ಲಿ ಮಾತ್ರ ದೊರೆಯುತ್ತದೆ.

ಮೂರನೆಯ ಪ್ರಶ್ನೆಯನ್ನು ಕೇಳದೆ ಬಂದರೆ ಉಳಿದ ಶ್ರಮವೂ ಅಪೂರ್ಣ. ಫಲಕದ ಲಿಪಿ ಗಿರಾಕಿಯ ಭಾಷೆಯನ್ನು ಹೇಳುತ್ತದೆಯೇ ಹೊರತು ಒಡೆಯನ ಭಾಷೆಯನ್ನಲ್ಲ. ಉಡುಪಿ ಎಂಬ ಊರಿನ ಹೆಸರು ಈ ನಗರದ ಹೋಟೆಲುಗಳ ಮೇಲೆ ಇಂಗ್ಲಿಷ್ ಮತ್ತು ತೆಲುಗು ಲಿಪಿಗಳಲ್ಲಿ ಕಾಣುತ್ತದೆ: ಹೆಸರು ಕರ್ನಾಟಕದ್ದು, ಅಕ್ಷರ ಪೇಟೆಯದು. ಕನ್ನಡದ ಅಕ್ಷರಕ್ಕೆ ಆಸರೆಯಾದದ್ದು ಬೇರೆ ಬಗೆಯ ಬಾಗಿಲುಗಳು: ಕಾಚಿಗುಡ ಪರಿಸರದ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರದಂಥ ಸಂಸ್ಥೆಗಳು. ಕನ್ನಡವು ಇಲ್ಲಿ ವ್ಯಾಪಾರದ ಮೂಲಕವಲ್ಲ, ಮನೆ ಮತ್ತು ಶಾಲೆಗಳ ಮೂಲಕ ಉಳಿಯಿತೆಂಬ ಊಹೆಯನ್ನು ಪರೀಕ್ಷಿಸಲು ಅಂಗಡಿಯ ಫಲಕವನ್ನೂ ಸಂಸ್ಥೆಯ ಫಲಕವನ್ನೂ ಒಂದೇ ಕ್ರಮದಲ್ಲಿ ದಾಖಲಿಸಿ ಎದುರುಬದುರು ಇಡಬೇಕು.

ಇದೇ ವಿಧಾನ ಪಶ್ಚಿಮ ತೆಲಂಗಾಣದ ನಾರಾಯಣಪೇಟೆ, ತಾಂಡೂರು, ಜಹೀರಾಬಾದುಗಳ ಪೇಟೆಗಳಿಗೂ ಅನ್ವಯಿಸುತ್ತದೆ. ಅಲ್ಲಿ ಕರ್ನಾಟಕದ ಗಡಿ ಹತ್ತಿರ, ಕನ್ನಡ ಬಲ್ಲ ಗಿರಾಕಿಗಳೂ ಇದ್ದಾರೆ. ಹೀಗಿದ್ದೂ ಫಲಕದಲ್ಲಿ ಕನ್ನಡವಿಲ್ಲದಿದ್ದರೆ ಅದರ ಅರ್ಥ ರಾಜಧಾನಿಯಲ್ಲಿ ಅದಿಲ್ಲದಿರುವುದಕ್ಕಿಂತ ಬೇರೆ. ಇಂತಹ ಹೋಲಿಕೆ ಸಾಧ್ಯವಾಗುವುದು ಎಲ್ಲ ಊರುಗಳ ಚಿತ್ರಗಳೂ ಒಂದೇ ಅಳತೆಗೋಲಿನಿಂದ ತೆಗೆದವಾದಾಗ ಮಾತ್ರ. ಕನ್ನಡವಿರುವ ಫಲಕಗಳನ್ನಷ್ಟೇ ಆಯ್ದು ತೆಗೆದ ಸಂಗ್ರಹ ಅಭಿಮಾನವನ್ನು ತಣಿಸೀತು. ಬೀದಿಯ ಎರಡು ಬದಿಯ ಪ್ರತಿ ಫಲಕವನ್ನೂ ಬಿಡದೆ ತೆಗೆದ ಸಂಗ್ರಹವೇ ಕನ್ನಡ ಎಲ್ಲಿತ್ತು, ಎಲ್ಲಿರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಬಲ್ಲದು.